ಕಾಳಿನ ಸಾರು, ಖಾಲಿ ಡಬ್ಬಿ

ಉಳಿದವರ ಮನ್ಯಾಗ ಕಾಳು ನೆನೀತಾವು, ಬೇಯ್ತಾವು, ಹೊಟ್ಟಿಗೆ ಹೋಗ್ತಾವು, ಅಲ್ಲಿಗೆ ಕತಿ ಮುಗೀತದ. ನಮ್ಮ ಮನ್ಯಾಗ ಹಂಗಲ್ಲ. ಸಂಜಿಕ ಒಂದು ಬೋಗುಣಿ ಕಾಳಿಗೆ ನೀರು ಹಾಕಿದೆ ಅಂದ್ರ ಮರುದಿನ ಏನರೆ ಒಂದು ಫಜೀತಿ ಆಗೇ ಆಗ್ತದ. ಹನ್ನೊಂದು ವರ್ಷ ಆತು, ಒಂದು ವಾರನೂ ಸುಮ್ಮನ ಹೋಗಿಲ್ಲ.

ನಂದು ಊಟದ ಡಬ್ಬಿ ಕಳಿಸೂ ಧಂದೆ. ಮನಿ ಪುಣೆದ ಖಡಕಿಯೊಳಗ, ಗಿರಾಕಿಗಳು ಅಲ್ಲೇ ವಿಮಾನ ನಗರದಾಗ. ತವರು ಗದಗಿನ ಕಡೆ. ಮದುವಿಯಾಗಿ ಪುಣೆಗೆ ಬಂದು ಮೂವತ್ತು ವರ್ಷ ದಾಟ್ಯಾವು. ದಿನಾ ಮೂವತ್ತೆರಡು ಡಬ್ಬಿ ಹೋಗ್ತಾವು. ಎರಡು ಜ್ವಾಳದ ರೊಟ್ಟಿ, ಒಂದು ಮುಷ್ಟಿ ಅನ್ನ, ತಳದ ದೊಡ್ಡ ಬಟ್ಟಲದಾಗ ಕಾಳಿನ ಸಾರು. ಸೋಮವಾರ ಮಡಕಿ ಕಾಳು, ಮಂಗಳವಾರ ಹುರಳಿ, ಬುಧವಾರ ಅಲಸಂದಿ, ಗುರುವಾರ ಹೆಸರು, ಶುಕ್ರವಾರ ಕಡ್ಲಿ, ಶನಿವಾರ ಅವರಿ. ನೀರು ನೀರಾದ ಸಾರಲ್ಲ ಮತ್ತ. ಚಮಚ ನಿಂದ್ರಿಸಿದ್ರ ಜರಾ ವಿಚಾರ ಮಾಡಿ ಆಮ್ಯಾಲ ಬೀಳಬೇಕು, ಅಂಥಾ ಗಟ್ಟಿ. ಒಣಕೊಬ್ಬರಿ ಹುರದು, ಬಳ್ಳೊಳ್ಳಿ ಸುಟ್ಟು, ಮನಿ ಮಸಾಲಿ ಖಾರ ಹಾಕಿ ಕುದಿಸಿದ್ನೆಂದ್ರ ಮೂರನೇ ಮಾಳಿಗಿ ಮಂದಿ ಕಿಡಕಿ ತಗೀತಾರ. ಜಂಬ ಅನ್ರಿ, ಏನರೆ ಅನ್ರಿ, ಇದ್ದದ್ದನ್ನ ಹೇಳಾಕ ನನಗ ನಾಚಿಕಿಲ್ಲ.

ನನ್ನ ಮಾನ ಎಲ್ಲಾ ಒಂದ ಮಾತಿನ್ಯಾಗ ಅದ. ಈ ಹನ್ನೊಂದು ವರ್ಷದಾಗ ಒಂದು ಡಬ್ಬಿನೂ ಸಾರು ಉಳಿಸಿಕೊಂಡು ವಾಪಸ್ ಬಂದಿಲ್ಲ. ಸಂಜಿಕ ಡಬ್ಬಿ ಬಂದ ಕೂಡಲೆ ಒಂದೊಂದನ್ನ ಕೈಯಾಗ ಎತ್ತಿ ತೂಗಿ ನೋಡ್ತೀನಿ. ಎಲ್ಲಾ ಹಗುರಿದ್ವು ಅಂದ್ರ ನನಗ ಛಲೋ ನಿದ್ದಿ. ನಮ್ಮ ಮನಿಯವರು ಇಲ್ಲೆ ಒಂದು ಕಾರ್ಖಾನೆದಾಗ ಮಾಲು ತಪಾಸ ಮಾಡೂ ಕೆಲಸದಾಗಿದ್ದು ರಿಟಾಯರ್ ಆದವರು. ಅವರು ನನ್ನ ನೋಡಿ, "ನಾವು ಇಡೀ ಸರ್ವಿಸ್‌ನ್ಯಾಗ ಇಷ್ಟು ಮಾರಿ ಗಂಟು ಹಾಕ್ಕೊಂಡು ತಪಾಸ ಮಾಡಿಲ್ಲ" ಅಂತಾರ.

ಎಂಟು ಸೀಟಿ

ಅವತ್ತು ಮಂಗಳವಾರ. ಹುರಳಿ ಅಂದ್ರ ಹಟಮಾರಿ ಕಾಳು, ಎಂಟು ಸೀಟಿ ಆಗದ ಹೊರತು ಮೆತ್ತಗಾಗೂದಿಲ್ಲ. ನಾ ರೊಟ್ಟಿ ಬಡಿಯಾಕ ಕೂತಿದ್ದೆ. ರೊಟ್ಟಿ ಸಪ್ಪಳದಾಗ ಸೀಟಿ ಲೆಕ್ಕ ತಪ್ಪತದ ಅಂತ ಮನಿಯವರಿಗೆ ಹೇಳಿದೆ, ಎಂಟು ಆದ ಮ್ಯಾಲ ಗ್ಯಾಸ್ ಬಂದ್ ಮಾಡ್ರಿ ಅಂತ. ಅವರು ಇಂಥಾ ಕೆಲಸಕ್ಕ ಅಗದೀ ಪಕ್ಕಾ. ಕುರ್ಚಿ ಹಾಕ್ಕೊಂಡು ಕೂತು, ಪೇಪರಿನ ಅಂಚಿಗೆ ಸೀಟಿಗೊಂದು ಗೀಟು ಎಳದು, ಎಂಟನೇದಕ್ಕ ಬಂದ್ ಮಾಡಿದ್ರು.

ಕುಕ್ಕರ್ ತಗದು ಒಂದು ಕಾಳು ಬಾಯಾಗ ಹಾಕ್ಕೊಂಡೆ. ಹಲ್ಲು ಉಳೀತು, ಅದ ದೊಡ್ಡದು. ನಾ ಬಾಯಿ ತಗಿಯೂದರೊಳಗ ಅವರು ಪೇಪರ್ ತಂದು ಮುಂದ ಹಿಡದ್ರು. ಎಂಟು ಗೀಟು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿಲ್ಲ. ಗೀಟು ನಾನೂ ಎಣಿಸೂದರಾಗ ಬಾಗಲ ಗಂಟಿ ಆತು. ಎದುರು ಮನಿ ಮರಾಠಿ ವಹಿನಿ ಒಂದು ಬಟ್ಟಲ ಹಿಡಕೊಂಡು ನಿಂತಿದ್ರು. ಬಟ್ಟಲದಾಗ ಅರ್ಧಾ ಬೆಂದ ಅಲಸಂದಿ. ಅವರ ಮನಿಯವರೂ ಎಂಟು ಎಣಿಸಿ ಬಂದ್ ಮಾಡ್ಯಾರಂತ, ಕಾಳು ಮಾತ್ರ ಹಸೇದು.

ಎರಡೂ ಅಡಿಗಿಮನಿ ಕಿಡಕಿ ಒಂದ ಸಂದಿಗೆ ತಗೀತಾವು. ಎರಡೂ ಕುಕ್ಕರಿನ ದನಿನೂ ಒಂದ. ನಮ್ಮವು ನಾಕು, ಅವರವು ನಾಕು, ಇಬ್ಬರು ಗಂಡಸರು ಕೂಡಿಸಿ ಎಂಟು ಮಾಡಿ ಆರಾಮ ಕೂತಿದ್ರು. ಎರಡೂ ಕುಕ್ಕರ್ ಮತ್ತ ಒಲಿ ಏರಿದ್ವು. ಡಬ್ಬಿ ಅರ್ಧಾ ತಾಸು ತಡಾ ಆಗಿ ಹೋದ್ವು, ಆದ್ರ ಸಂಜಿಕ ಎಲ್ಲಾ ಖಾಲಿನ ಬಂದ್ವು, ಅದನ್ನ ಬರಕೊಳ್ರಿ.

ಅವತ್ತು ಸಂಜಿಕ ಇಬ್ಬರೂ ಗಂಡಸರು ಮೀಟಿಂಗ್ ಕೂತು ಒಂದು ಟೈಮ್ ಟೇಬಲ್ ತಯಾರು ಮಾಡಿದ್ರು. ನಮ್ಮ ಮನಿಗೆ ಮುಂಜಾನೆ ಆರೂವರಿಯಿಂದ ಏಳು, ಅವರ ಮನಿಗೆ ಏಳರಿಂದ ಏಳೂವರಿ. ಕೆಳಗ ಇಬ್ಬರ ಸಹಿ. ಅದನ್ನ ತಗೊಂಡು ಹೋಗಿ ಮೆಟ್ಟಲದ ಹತ್ರ ಗ್ವಾಡಿಗೆ ಅಂಟಿಸಿದ್ರು. ಯಾತರ ಟೈಮ್ ಅಂತ ಮ್ಯಾಲ ಬರಿಯೂದೊಂದು ಮರತಿದ್ರು. ಮರುದಿನ ಮುಂಜಾನೆ ಆರೂವರಿಗೆ ನಾಕು ಮನಿ ಮಂದಿ ಬಕೀಟು ತುಂಬಾಕ ನಳದ ಮುಂದ ನಿಂತಿದ್ರು. ಹಿಂದಿನ ಬಿಲ್ಡಿಂಗಿನವರೊಬ್ಬರು ನಮ್ಮವರಿಗೆ ಫೋನ್ ಮಾಡಿ ಕೇಳಿದ್ರು, ನಮ್ಮ ಕಡೆ ನೀರು ಎಷ್ಟಕ್ಕ ಬಿಡ್ತೀರಿ ಅಂತ.

ಗಂಟು ಬಿಚ್ಚೂದಿಲ್ಲ

ಪುಣೆದ ಥಂಡಿಯೊಳಗ ಮಡಕಿ ಮೊಳಕಿ ಒಡಿಸೂದು ಅಂದ್ರ ಕೂಸಿನ ಬಾಣಂತನ ಮಾಡಿದಂಗ. ಹಸಿ ಅರಿವ್ಯಾಗ ಗಂಟು ಕಟ್ಟಬೇಕು, ಮ್ಯಾಲ ಉಣ್ಣಿ ಶಾಲು ಸುತ್ತಬೇಕು, ಗಾಳಿ ತಾಗಗೊಡಬಾರದು. ಒಂದು ಜನವರಿ ಭಾನುವಾರ ಬಾರಾಮತಿಯೊಳಗ ನಮ್ಮ ನಾದಿನಿ ಹೊಸಾ ಮನಿ ಪೂಜಾ ಬಂತು. ಹೋಗದಿದ್ರ ಆಕಿ ಸಿಟ್ಟು, ಹೋದ್ರ ಸೋಮವಾರದ ಮಡಕಿ ಯಾರು ನೋಡೂದು? ಗಂಟು ತೊಡಿ ಮ್ಯಾಲ ಇಟ್ಟುಕೊಂಡ ಹೋದೆ, ಪೂಜಾದಾಗ ಬಗಲಾಗ ಇಟ್ಟುಕೊಂಡ ಕೂತೆ, ಹಂಗ ವಾಪಸ್ ಬಂದೆ.

ನಮ್ಮ ಮನಿಗೆ ಬರೂ ದಾರಿಯೊಳಗ ಮಿಲಿಟರಿಯವರ ಒಂದು ಗೇಟು ಬರ್ತದ. ಅವತ್ತು ಚೆಕ್ಕಿಂಗ್ ಜೋರಿತ್ತು. ಪಹರೆ ಮ್ಯಾಲಿದ್ದ ಜವಾನ ನನ್ನ ರಿಕ್ಷಾ ನಿಂದ್ರಿಸಿ, ಗಂಟಿನ್ಯಾಗ ಏನದ, ಬಿಚ್ಚಿ ತೋರಸ್ರಿ ಅಂದ. ನಾ ನನ್ನ ಹರಕು ಹಿಂದಿಯೊಳಗ ಹೇಳಿದೆ, ಇದನ್ನ ಈಗ ಬಿಚ್ಚೂ ಹಂಗಿಲ್ಲ, ಒಳಗ ಬೆಚ್ಚಗದ, ನಾಳೆ ಮುಂಜಾನೆ ಆರಕ್ಕ ತಯಾರಾಗ್ತದ, ಅಲ್ಲಿತನಕ ಯಾರೂ ಮುಟ್ಟಬಾರದು ಅಂತ. ನಾ ಹೇಳಿದ್ದರಾಗ ಒಂದು ಸುಳ್ಳಿಲ್ಲ. ಆದ್ರ ಆ ಜವಾನ ಎರಡು ಹೆಜ್ಜಿ ಹಿಂದ ಸರದ. ರಿಕ್ಷಾದಾಂವ ಇಳದು ಹತ್ತು ಹೆಜ್ಜಿ ಹೋದ.

ಒಳಗಿಂದ ಅವನ ಸಾಹೇಬರನ್ನ ಕರಸಿದ್ರು. ದೊಡ್ಡ ಮೀಸಿ, ಕೆಂಪು ಕಣ್ಣು. ನಾ ಗಂಟು ಎದಿಗೆ ಅವಚಿಕೊಂಡಿದ್ದೆ. ಅವರು ಹತ್ರ ಬಂದು ಗಂಟಿನ ಮ್ಯಾಲ ಅಂಗೈ ಇಟ್ರು, ಮೆಲ್ಲಕ ಒತ್ತಿ ನೋಡಿದ್ರು, ಮೂಗು ತಂದು ಮೂಸಿದ್ರು. ಆಮ್ಯಾಲ ನಮ್ಮ ಮಾತಿನ್ಯಾಗ ಕೇಳಿದ್ರು, "ಮಡಕಿ ಕಾಳೇನ್ರಿ ಅಕ್ಕಾರ?"

ಅವರದು ಅಥಣಿ ಕಡೆ ಊರು. ಮಡಕಿ ಸಾರು ಉಂಡು ಎಂಟು ತಿಂಗಳಾಗಿತ್ತಂತ. ಜವಾನಗ ತಿಳಿಸಿ ಹೇಳಿದ್ರು, ಈ ಅಕ್ಕಾರು ಹೇಳೂದು ಖರೇ ಅದ, ಇದನ್ನ ಈಗ ಬಿಚ್ಚಿದ್ರ ನುಕ್ಸಾನ ಆಗ್ತದ ಅಂತ. ಸೋಮವಾರ ಒಂದು ಡಬ್ಬಿ ಗೇಟಿಗೂ ಹೋತು, ಆ ಜವಾನನೂ ಉಂಡ. ಈಗ ಆ ದಾರಿಲೆ ನಾ ಖಾಲಿ ಕೈಲೆ ಹೋದ್ರ ಇಬ್ಬರೂ ನನ್ನ ಸಂಶಯದಿಂದ ನೋಡ್ತಾರ.

ಖಾರ ಕುಟ್ಟೂ ದಿನ

ಬ್ಯಾಸಗಿಯೊಳಗ ವರ್ಷದ ಮಸಾಲಿ ಖಾರ ಕುಟ್ಟಸೂದು. ಬ್ಯಾಡಗಿ ಮೆಣಸಿನಕಾಯಿ ತವರಿಂದ ತರಸ್ತೀನಿ, ಕೊತಂಬ್ರಿ, ಜೀರಗಿ, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿ ಎಲ್ಲಾ ಹುರದು ಒಯ್ತೀನಿ. ಗಿರಣಿ ಮಾಲಕ ಇಟ್ಟು ಹೋಗ್ರಿ ಕಾಕೂ ಅಂತಾನ, ನಾ ಇಟ್ಟು ಹೋಗೂದಿಲ್ಲ, ಸೀನಕೋತ ಅಲ್ಲೇ ನಿಂದರ್ತೀನಿ. ನಾ ನಿಲ್ಲೂದು ಕಂಡು ಒಂದು ಬ್ಯಾಸಗಿಗೆ ಒಬ್ಬೊಬ್ಬರಾಗಿ ಹೆಣ್ಣಮಕ್ಕಳು, ನಮ್ಮದೂ ಜರಾ ನೋಡ್ರಿ ಅಂತ ಹೇಳಿ ಮನಿಗೆ ಹೋದ್ರು. ಏಳು ಮಂದಿ ಖಾರ ನನ್ನ ಮ್ಯಾಲ ಬಿತ್ತು. ಮೂರು ತಾಸು ಏಳು ಚೀಲ ಕಾದೆ. ಆ ಗದ್ದಲದಾಗ ನನ್ನ ಚೀಲನ ಯಾರೋ ಅದಲಬದಲ ಮಾಡಿ ಒಯ್ದಿದ್ರು.

ಎರಡು ದಿನ ಕಣ್ಣೀರು ಹಾಕಿದೆ, ಖಾರದ ಕಣ್ಣೀರಲ್ಲ, ಖರೇ ಕಣ್ಣೀರು. ಮೂರನೇ ದಿನ ಒಯ್ದಾಕಿ ಗಿರಣಿಯವನ ಕಡಿಂದ ನನ್ನ ವಿಳಾಸ ತಗೊಂಡು ಮನಿಗೆ ಬಂದ್ಲು. ಜೀವಕ್ಕ ಸಮಾಧಾನ ಆತು. ಆದ್ರ ಆಕಿ ಚೀಲ ವಾಪಸ್ ಕೊಡಾಕ ಬಂದಿರಲಿಲ್ಲ, ಮುಂದಿನ ವರ್ಷದ ಎರಡು ಕಿಲೋಕ್ಕ ಈಗ ಹೇಳಿ ಇಡಾಕ ಬಂದಿದ್ಲು.

ಒಂದು ಹಿಡಿ

ವಿಮಾನ ನಗರದ ಒಂದು ಆಫೀಸಿನ್ಯಾಗ ಬೆಂಗಳೂರಿನ ಒಬ್ಬಾಕಿ ಇಂಜಿನಿಯರ್ ಇದ್ದಾಳ, ನನ್ನ ಹಳೇ ಗಿರಾಕಿ. ಆಕಿಗೆ ಕಡ್ಲಿ ಸಾರು ಕಲಿಯೂ ಹುಕಿ ಬಂತು. "ಆಂಟಿ, ಎಲ್ಲಾ ಕರೆಕ್ಟಾಗಿ ಗ್ರಾಂನಲ್ಲಿ ಹೇಳಿ, ಅಂದಾಜು ಬೇಡ" ಅಂತ ಒಂದು ಭಾನುವಾರ ಸಣ್ಣ ತಕ್ಕಡಿ ಹಿಡಕೊಂಡು ಮನಿಗೆ ಬಂದ್ಲು.

ನಾ ಖಾರದ ಡಬ್ಬಿಯೊಳಗ ಕೈ ಹಾಕಿ ಒಂದು ಹಿಡಿ ತಗದೆ. ಆಕಿ ಅದನ್ನ ತೂಗಿ ಬರಕೊಂಡ್ಲು. ಎರಡನೇ ಸಲ ತಗದೆ, ಅಷ್ಟ ಬಂತು. ಮೂರನೇ ಸಲನೂ ಅಷ್ಟ. ಒಂದು ಗ್ರಾಂ ಆಚೆ ಈಚೆ ಇಲ್ಲ. ನಮ್ಮ ಮನಿಯವರು ಚಷ್ಮಾ ಹಾಕ್ಕೊಂಡು ಬಂದು ತಾವೂ ತೂಗಿ ನೋಡಿದ್ರು, ನಮ್ಮ ಕಾರ್ಖಾನೆ ಮಶೀನ್‌ಗೂ ಇದು ಆಗ್ತಿರಲಿಲ್ಲ ಅಂದ್ರು. ಮದುವಿಯಾಗಿ ಮೂವತ್ತು ವರ್ಷದಾಗ ಅವರು ನನ್ನ ಹೊಗಳಿದ್ದು ಅದ ಮೊದಲು. ಉಬ್ಬಿಹೋದೆ. ಉಬ್ಬಿದ್ದರಾಗ ಆ ಹುಡಿಗಿಗೆ ಅಂದೆ, ಗ್ರಾಂ ಗೀಂ ಎಲ್ಲಾ ಹೊಡದು ಹಾಕು, ಒಂದು ಹಿಡಿ ಅಂತ ಬರಿ, ಕೈಯೊಳಗಿನ ಲೆಕ್ಕ ತಪ್ಪೂದಿಲ್ಲ. ಆಕಿನೂ ಹಂಗ ಬರಕೊಂಡ್ಲು.

ಮುಂದಿನ ವಾರ ಅವರ ಆಫೀಸಿನ ದೊಡ್ಡ ಸಾಹೇಬರೊಬ್ಬರು ಕೆಲಸ ಬಿಟ್ಟು ಹೊಂಟಿದ್ರು. ಬೀಳ್ಕೊಡೂ ಊಟಕ್ಕ ಒಬ್ಬೊಬ್ಬರು ಒಂದೊಂದು ಮಾಡಿಕೊಂಡು ಬರಬೇಕು. ಕಡ್ಲಿ ಸಾರು ಈಕಿ ಟೀಮಿನ ಒಬ್ಬ ಪಂಜಾಬಿ ಇಂಜಿನಿಯರಗ ಬಂತು, ಈಕಿ ಅವಗ ತನ್ನ ಚೀಟಿ ಕೊಟ್ಲು. ಆರಡಿ ಮನಷ್ಯಾ, ಅಂಗೈ ಅಂದ್ರ ನಮ್ಮ ರೊಟ್ಟಿಯಷ್ಟು. ಅಂವ ಚೀಟಿ ಪ್ರಕಾರ ತನ್ನ ಕೈಲೆ ಒಂದು ಹಿಡಿ ಖಾರ ಹಾಕ್ಯಾನ.

ಎಲ್ಲಾರೂ ಉಂಡ್ರು. ಸಾಹೇಬರು ಖಾರ ತಿನ್ನೂದಿಲ್ಲ, ಬರೇ ಮೊಸರನ್ನ ಉಂಡು ಭಾಷಣಕ್ಕ ನಿಂತ್ರು. ನೋಡ್ತಾರ, ಇಡೀ ಹಾಲಿನ್ಯಾಗ ಒಂದು ಕಣ್ಣು ಒಣಗಿಲ್ಲ. ಎಲ್ಲಾರೂ ಮೂಗು ಒರಸಿಕೊಳ್ಳಾಕತ್ತಾರ, ಮಾತಾಡಾಕ ಯಾರಿಗೂ ಬಾಯಿ ಬರವಲ್ದು. ಸಾಹೇಬರು ಭಾಷಣದ ಹಾಳಿ ಮಡಚಿ ಕಿಸೆದಾಗ ಇಟ್ಕೊಂಡ್ರಂತ. ನೀವು ನನ್ನ ಇಷ್ಟು ಹಚ್ಚಿಕೊಂಡೀರಿ ಅಂತ ಗೊತ್ತ ಇರಲಿಲ್ಲ ಅಂದ್ರಂತ. ರಾಜೀನಾಮಿ ವಾಪಸ್ ತಗೊಳ್ಳಲೇನು ಅಂತ ಮರುದಿನ ಎಚ್‌ಆರ್‌ಗೆ ಹೋಗಿ ಕೇಳ್ಯಾರಂತ.

ಭಾರ ಡಬ್ಬಿ

ಹೋದ ವರ್ಷ ದಸರಾ ಮುಗದ ಮ್ಯಾಲ ಒಂದು ಫೋನ್ ಬಂತು. ವಿಮಾನ ನಗರದಾಗಿನ ಒಬ್ಬಾಕಿ ಮರಾಠಿ ಹೆಣ್ಣಮಗಳು. ಆಕಿ ತಾಯಿಗೆ ಎಪ್ಪತ್ತೈದು ವರ್ಷ, ಮೊಣಕಾಲು ಬ್ಯಾನಿ, ಡಾಕ್ಟರ್ ಒಲಿ ಮುಂದ ನಿಲ್ಲಬ್ಯಾಡ್ರಿ ಅಂದಾರ. ಆದ್ರ ಮುದುಕಿಗೆ ಇನ್ನೊಬ್ಬರ ಕೈ ಅಡಿಗಿ ಸೇರೂದಿಲ್ಲ. ಆಕಿ ಮಾಡೂ ಉಸಳಕ್ಕ ಬಳಗದಾಗೆಲ್ಲಾ ಹೆಸರದ. ಉಸಳ ಅಂದ್ರ ಮರಾಠಿ ಮಂದಿಯ ಮೊಳಕಿ ಕಾಳಿನ ಅಡಿಗಿ, ನಮ್ಮ ಸಾರಿಗೆ ಅಕ್ಕತಂಗಿ ಇದ್ದಂಗ. ನಾ ಅಂದೆ, ನೀವು ಕಾಳಜಿ ಬಿಡ್ರಿ, ನನ್ನ ಡಬ್ಬಿ ಇಲ್ಲಿತನಕ ಯಾರೂ ಉಳಿಸಿಲ್ಲ.

ಸೋಮವಾರ ಮಡಕಿ ಸಾರು ಕಳಿಸಿದೆ. ಸಂಜಿಕ ಡಬ್ಬಿ ತರಾಂವ ಬಂದು, ಆ ಆಜಿ ಡಬ್ಬಿ ಸೀದಾ ಹಿಡಕೊಂಡು ಹೋಗು, ಚೆಲ್ಲಬ್ಯಾಡ ಅಂತ ಎರಡೆರಡು ಸಲ ಹೇಳ್ಯಾರ ಅಂದ. ನಾ ಒಂದೊಂದ ಎತ್ತಿ ನೋಡಿದೆ. ಮೂವತ್ತೊಂದು ಹಗುರ. ಮೂವತ್ತೆರಡನೇದು ಭಾರ.

ಮುಚ್ಚಳ ತಗಿಯೂ ಧೈರ್ಯ ಆಗಲಿಲ್ಲ. ನನ್ನ ಸಾರನ್ನ ಒಬ್ಬರು ಬ್ಯಾಡ ಅಂದದ್ದನ್ನ ನನ್ನ ಕಣ್ಣಿಲೆ ಯಾಕ ನೋಡಲಿ? ಮುಟ್ಟಲಾರದ ಹಂಗ ವಾಪಸ್ ಕಳಿಸ್ಯಾಳ, ಮ್ಯಾಲ ಚೆಲ್ಲಬ್ಯಾಡ ಅಂತ ಬ್ಯಾರೆ. ಡಬ್ಬಿ ಹಂಗ ಒಯ್ದು ಗ್ಯಾಲರಿಯೊಳಗ ಖಾಲಿ ಸಿಲಿಂಡರಿನ ಹಿಂದ ಇಟ್ಟೆ. ಎಲ್ಲಾ ಖಾಲಿ ಬಂದ್ವೇನು ಅಂತ ಮನಿಯವರು ಕೇಳಿದ್ರು. ಹೂಂ ಅಂದೆ. ಡಬ್ಬಿ ವಿಷಯದಾಗ ನಾ ಹೇಳಿದ ಮೊದಲನೇ ಸುಳ್ಳು.

ಮಂಗಳವಾರ ಹುರಳಿ. ಮುದುಕಿಗೆ ಬಳ್ಳೊಳ್ಳಿ ಹೆಚ್ಚಾಗಿರಬೇಕು ಅಂತ ಅರ್ಧಾ ಮಾಡಿದೆ, ಪುಣೆ ಮಂದಿಗೆ ಸಿಹಿ ಬೇಕಂತ ಬೆಲ್ಲ ಹಾಕಿದೆ. ಡಬ್ಬಿ ಭಾರ ಬಂತು. ಬುಧವಾರ ಅಲಸಂದಿಗೆ ಹಸಿಕೊಬ್ಬರಿ ಹಾಕಿದೆ, ನನ್ನ ಖಾರ ಬಿಟ್ಟು ಮರಾಠಿ ಮಂದಿಯ ಗೋಡಾ ಮಸಾಲಿ ಹಾಕಿದೆ. ಆ ಮಸಾಲಿ ಹಾಕೂ ಮುಂದ ನನ್ನ ಖಾರದ ಡಬ್ಬಿ ಮ್ಯಾಲ ಅರಿವಿ ಮುಚ್ಚಿದೆ, ಸುಳ್ಳ ಯಾಕ ಹೇಳಲಿ. ಆವತ್ತೂ ಭಾರ. ಎರಡನ್ನೂ ಮುಚ್ಚಳ ತಗೀದ ಸಿಲಿಂಡರಿನ ಹಿಂದ ಸೇರಿಸಿದೆ. ಉಳಿದ ಮೂವತ್ತೊಂದು ಮಂದಿ ಏನು ಪಾಪ ಮಾಡಿದ್ರು? ಅವರಿಗೂ ಅದ ಸಾರು ಹೋಗ್ತಿತ್ತು. ಅಡಿಗಿ ಮಾಡಾಕಿ ಬದಲಾಗ್ಯಾಳೇನು ಅಂತ ಒಬ್ಬರು ಫೋನ್ ಮಾಡಿದ್ರು. ಬೆಂಗಳೂರಿನಾಕಿ, ಆಂಟಿ ಹುಷಾರಾಗಿದ್ದೀರಾ ಅಂತ ಕೇಳಿದ್ಲು. ಒಂದು ಡಬ್ಬಿ ತಳದಾಗ ನಾಕು ಅಲಸಂದಿ ಕಾಳು ಉಳಿದಿದ್ವು. ನಾಕ ಇದ್ದವು, ಆದ್ರ ನನಗ ಊಟ ಸೇರಲಿಲ್ಲ.

ಇತ್ತಾಗ ಗ್ಯಾಲರಿಯೊಳಗ ವಾಸನಿ ಎದ್ದಿತ್ತು. ಮನಿಯವರಿಗೆ ಕೆಲಸ ಸಿಕ್ಕಂಗಾತು. ಇದು ಗಟಾರದ ತೊಂದರಿ ಅಂತ ತಪಾಸ ಮಾಡಿ ಪ್ಲಂಬರನ್ನ ಕರಸಿದ್ರು. ಅಂವ ಎರಡು ತಾಸು ಪೈಪೆಲ್ಲಾ ಬಿಚ್ಚಿ ಮತ್ತ ಜೋಡಿಸಿದ, ಏನೂ ಸಿಗಲಿಲ್ಲ. ನಾ ಸಿಲಿಂಡರಿಗೆ ಬೆನ್ನು ಕೊಟ್ಟು ನಿಂತಿದ್ದೆ.

ಗುರುವಾರ ಮಧ್ಯಾಹ್ನ ತಡಕೊಳ್ಳಾಕ ಆಗಲಿಲ್ಲ. ಮೂರೂ ಭಾರ ಡಬ್ಬಿ ಒಂದು ಚೀಲದಾಗ ಹಾಕ್ಕೊಂಡು ರಿಕ್ಷಾ ಹತ್ತಿದೆ. ದಾರಿ ತುಂಬಾ ಮರಾಠಿಯೊಳಗ ಮಾತು ಜೋಡಿಸಿಕೊಂಡೆ. ಆಜಿ, ನನ್ನ ಸಾರು ಸೇರದಿದ್ರ ಬಾಯಿ ಬಿಟ್ಟು ಹೇಳ್ರಿ, ಹಿಂಗ ದಿನಾ ತುಂಬಿಸಿ ಕಳಿಸಿ ನನ್ನ ಜೀವ ತಿನಬ್ಯಾಡ್ರಿ, ನಾಳಿಂದ ಬ್ಯಾರೆ ಕಡೆ ನೋಡಿಕೊಳ್ರಿ. ರಿಕ್ಷಾದಾಂವ ಚೀಲದ ಕಡೆ ನೋಡಿ ನೋಡಿ ಮೂಗು ಮುಚ್ಚಿಕೊಂಡು ಹೊಡದ.

ಆರನೇ ಮಾಳಿಗಿ. ಕೋಲು ಊರಿಕೊಂಡು ಆಜಿನ ಬಾಗಲ ತಗದ್ರು. ಸಣ್ಣ ಜೀವ, ಆದ್ರ ಮಾರಿ ಮ್ಯಾಲ ನನಗಿಂತಾ ಹೆಚ್ಚು ಸಿಟ್ಟು. ನಾ ಡಬ್ಬಿಯಾಕಿ ಅಂತ ಹೇಳೂದ ತಡ, ಅವರ ಚಾಲೂ ಮಾಡಿದ್ರು. ಮೂರು ದಿನ ದಾರಿ ನೋಡಿದೆ, ಒಂದು ಫೋನಿಲ್ಲ, ಒಂದು ಮಾತಿಲ್ಲ, ಹೆಂಗಿತ್ತು ಅಂತ ಹೇಳಾಕೂ ನಿಮಗ ಪುರಸೊತ್ತಿಲ್ಲೇನು ಅಂದ್ರು.

ಏನು ಹೆಂಗಿತ್ತು ಅಂತ ಕೇಳಿದೆ.

"ನನ್ನ ಉಸಳ," ಅಂದ್ರು ಆಜಿ. "ಸೋಮವಾರ ನಿಮ್ಮ ಸಾರು ಉಂಡು ಬಟ್ಟಲ ನೆಕ್ಕಿ ಇಟ್ಟೆ. ಇಂಥಾ ಕಾಳು ನನ್ನ ಆಯುಷ್ಯದಾಗ ಉಂಡಿಲ್ಲ. ಉಂಡ ಮ್ಯಾಲ ಆ ಭಾಂಡಿ ಖಾಲಿ ವಾಪಸ್ ಕೊಡಾಕ ಬರ್ತದೇನು? ನಮ್ಮ ಮನ್ಯಾಗ ಆ ಪದ್ಧತಿಲ್ಲ."

ಡಾಕ್ಟರ್ ಬ್ಯಾಡ ಅಂದ್ರೂ, ಮಗಳು ಆಫೀಸಿಗೆ ಹೋದ ಮ್ಯಾಲ ಒಲಿ ಮುಂದ ಸ್ಟೂಲ್ ಹಾಕ್ಕೊಂಡು ಕೂತು ಮೂರು ದಿನ ಮೂರು ತರದ ಉಸಳ ಮಾಡಿ, ನನ್ನ ಡಬ್ಬಿ ತೊಳದು ಒರಸಿ, ಗಂಟಲ ಮಟ ತುಂಬಿಸಿ ಕಳಿಸ್ಯಾರ. ಪದ್ಧತಿ ನನಗೇನು ಹೊಸದಲ್ಲ. ನಮ್ಮವ್ವ ಬಾಜೂ ಮನಿ ಬಟ್ಟಲ ವಾಪಸ್ ಕೊಡೂ ಮುಂದ ಏನೂ ಇಲ್ಲದಿದ್ರ ಎರಡು ಚಿಟಿಕಿ ಸಕ್ಕರಿ ಆದ್ರೂ ಹಾಕಿ ಕೊಡಾಕಿ. ಹನ್ನೊಂದು ವರ್ಷ ಖಾಲಿ ಡಬ್ಬಿ ಎಣಿಸಿ ಎಣಿಸಿ ನಾ ಅದನ್ನ ಮರತ ಬಿಟ್ಟಿದ್ದೆ.

ನನಗ ಅಲ್ಲೇ ಬಾಗಲದಾಗ ಕುಣಿಬೇಕು ಅನ್ನಿಸ್ತು. ಬಟ್ಟಲ ನೆಕ್ಕಿ ಇಟ್ಟಾರಂತ, ನನ್ನ ಮಡಕಿ ಸಾರು ಗೆದ್ದದ, ನನ್ನ ಖಾರ ಗೆದ್ದದ. ಅದರ ಬೆನ್ನ ಹಿಂದ ಕೈಯಾಗಿನ ಚೀಲದ ನೆನಪಾತು. ಮೆಲ್ಲಕ ಅದನ್ನ ಸೀರಿ ಹಿಂದ ಸರಿಸಿದೆ. ಆದ್ರ ಮೂರು ದಿನದ ಉಸಳ ಸುಮ್ಮನ ಎಲ್ಲಿ ಕೂಡ್ತದ? ಆಜಿ ಮೂಗು ಏರಿಸಿದ್ರು. ಚೀಲದಾಗ ಏನದ ಅಂತ ಕೇಳಿದ್ರು. ನಾ ಏನಿಲ್ಲ ಅನ್ನೂದರೊಳಗ ಕೋಲು ಗ್ವಾಡಿಗೆ ಆನಿಸಿ, ಚೀಲ ಕಸಗೊಂಡು ಟೇಬಲ್ ಮ್ಯಾಲ ಇಟ್ರು. ಮೊದಲನೇ ಡಬ್ಬಿ ಮುಚ್ಚಳ ತಗದ್ರು, ಕೂಡಲೆ ಮುಚ್ಚಿದ್ರು. ಎರಡನೇದು ತಗದ್ರು, ಮುಚ್ಚಿದ್ರು. ಮೂರನೇದು ತಗಿಯಲಿಲ್ಲ, ಬರೇ ಎತ್ತಿ ತೂಗಿ ನೋಡಿದ್ರು.

ಕುರ್ಚಿ ಮ್ಯಾಲ ಕೂತ್ರು. ಆಮ್ಯಾಲ ನನ್ನ ಮಾರಿ ನೋಡಿ ಅಗದೀ ಸಾವಕಾಶ ಅಂದ್ರು, "ಐವತ್ತು ವರ್ಷ ಮಂದಿಗೆ ಉಣಿಸೀನಿ. ನನ್ನ ಉಸಳ ಇವತ್ತಿನತನಕ ಒಬ್ಬರೂ ವಾಪಸ್ ಮಾಡಿದ್ದಿಲ್ಲ. ನೀವ ಮೊದಲನೇದವರು. ಅದೂ ರಿಕ್ಷಾ ಮಾಡಿಕೊಂಡು, ಮನಿತನಕ ಬಂದು."